ಬರಿಬ್ಯಾಡ್ರಿ, ಮಾತಾಡ್ರಿ

ಎಳ್ಳಾಮಾಸಿ ದಿನ ಬೀದರಿನಲ್ಲಿ ಯಾರನ್ನಾದರೂ ಹುಡುಕಿಕೊಂಡು ಹೋದರೆ ಸಿಗುವುದು ಬಾಗಿಲಿಗೆ ಹಾಕಿದ ಬೀಗ. ಪಂಚಾಂಗದಲ್ಲಿ ಅದು ಎಳ್ಳ ಅಮಾವಾಸ್ಯೆ, ನಮ್ಮ ಬಾಯಲ್ಲಿ ಎಳ್ಳಾಮಾಸಿ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ. 2025ರಲ್ಲಿ ಅದು ಡಿಸೆಂಬರ್ 19ರ ಶುಕ್ರವಾರ ಬಂದಿತ್ತು. ಬೆಳಿಗ್ಗೆ ಏಳೂವರೆಗೆ ಔರಾದ್ ಬಸ್ಸಿನಲ್ಲಿ ಒಂಟಿ ಕಾಲ ಮೇಲೆ ನಿಂತಿದ್ದೆ. ಬಗಲಲ್ಲಿ ಮಗಳು, ಕೈಯಲ್ಲಿ ಸಜ್ಜಿ ಕಡಬಿನ ಡಬ್ಬಿ, ಹೆಗಲಿನ ಚೀಲದಲ್ಲಿ ಹತ್ತನೆಯ ತರಗತಿಯ 43 ಉತ್ತರಪತ್ರಿಕೆ. ಬಸ್ಸಿನ ಕಿಟಕಿ ಮುಚ್ಚಿದ್ದರೂ ಚಳಿ ಮೂಗಿಗೆ ಹತ್ತುತ್ತಿತ್ತು. ಬೀದರ್ ಗುಡ್ಡದ ಮೇಲಿನ ಊರು, ಡಿಸೆಂಬರಿನಲ್ಲಿ ಅದು ಉತ್ತರ ಹಿಂದುಸ್ತಾನದ ಗಾಳಿಯನ್ನೇ ಉಸಿರಾಡುತ್ತದೆ. ಬಸ್ಸು ಗುಡ್ಡ ಇಳಿದು ಕೆಂಪು ಮಣ್ಣು ಮುಗಿದು ಎರಿ ಹೊಲ ಶುರುವಾದ ಮೇಲೆ ಮಗಳು ನಿದ್ದೆ ಹೋದಳು. ಆಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಣ್ಮಗಳು ಅವಳನ್ನು ಎತ್ತಿ ತನ್ನ ತೊಡೆ ಮೇಲೆ ಹಾಕಿಕೊಂಡಳು. ಹೆಸರೂ ಕೇಳಲಿಲ್ಲ. ಬದಲಿಗೆ, "ಹೊಲ ಯಾವ ಕಡಿ ಅದ ನಿಮ್ದು?" ಅಂದಳು.

ಆ ಪ್ರಶ್ನೆಗೆ ನಾನು ಉತ್ತರ ಕೊಡುವುದು ಸ್ವಲ್ಪ ಉದ್ದ. ತವರು ಭಾಲ್ಕಿ. ಗಂಡನ ಮನೆ ಔರಾದ್ ತಾಲೂಕಿನ ಒಂದು ಹಳ್ಳಿ. ಸಂಬಳ, ಬಾಡಿಗೆ ಮನೆ, ಮಗಳ ಶಾಲೆ ಎಲ್ಲ ಬೀದರಿನಲ್ಲಿ. ಬೀದರಿನಿಂದ ಭಾಲ್ಕಿಗೂ ಔರಾದಿಗೂ ನಲವತ್ತರ ಆಸುಪಾಸು ಕಿಲೋಮೀಟರು, ಒಂದು ಆ ಕಡೆ ಇನ್ನೊಂದು ಈ ಕಡೆ. ಇಷ್ಟು ದಿನ ಎರಡು ಊರು ಬೇರೆ ಬೇರೆ ಹಬ್ಬಕ್ಕೆ ಸಿಗುತ್ತಿದ್ದವು. ಆ ವರ್ಷ ನನ್ನ ನಾದಿನಿಯ ಸಂಬಂಧ ನಮ್ಮ ಕಾಕುನ ತಮ್ಮನ ಮಗನ ಜೊತೆ ಕೂಡಿ ಬಂದ ಮೇಲೆ ಎರಡೂ ಒಂದೇ ಫೋನಿನಲ್ಲಿ ಬಂದು ಕೂತವು. ಹೆಣ್ಣಿನ ಕಡೆಗೆ ನಾನು ವೈನಿ, ಗಂಡಿನ ಕಡೆಗೆ ಅಕ್ಕ. ಯಾರ ಮೇಲೆ ಸಿಟ್ಟಾಗುವುದಕ್ಕೂ ನನಗೆ ಅವಕಾಶವಿಲ್ಲ.

ಹೊಲಕ್ಕೆ ಮುಟ್ಟುವ ಹೊತ್ತಿಗೆ ಕಣಿಕೆಯ ಕೊಂಪಿ ಎದ್ದು ನಿಂತಿತ್ತು. ಅದರೊಳಗೆ ಸುಣ್ಣ ಬಳಿದ ಐದು ಕಲ್ಲು, ಪಾಂಡವರು. ಅತ್ತಿ ತಲೆ ಮೇಲೆ ಅಂಬಲಿ ಗಡಿಗೆ ಹೊತ್ತು, ಮೇಲೊಂದು ಕಂಬಳಿ ಹೊದ್ದುಕೊಂಡು ಬದುವಿನ ಮೇಲೆ ಬರುವುದು ದೂರದಿಂದಲೇ ಕಂಡಿತು. ಜೋಳದ ಹಿಟ್ಟು ಮಜ್ಜಿಗೆಯಲ್ಲಿ ರಾತ್ರಿಯೆಲ್ಲ ಹುಳಿ ಬಂದು, ಬೆಳ್ಳುಳ್ಳಿ ಬಿದ್ದ ಆ ಅಂಬಲಿಯನ್ನು ಬೀದರಿನ ಮನೆಯಲ್ಲಿ ಎಷ್ಟೇ ಸಲ ಮಾಡಿದರೂ ಅದು ಮಜ್ಜಿಗೆಯಾಗಿಯೇ ಉಳಿಯುತ್ತದೆ. ಗಡಿಗೆ ಬೇಕು, ಹೊಲ ಬೇಕು, ತಲೆ ಮೇಲೆ ಹೊತ್ತು ಬಂದವರ ಕುತ್ತಿಗೆ ನೋಯಬೇಕು.

ಬಜ್ಜಿಯ ವಿಷಯ ಹೇಳದೆ ಮುಂದೆ ಹೋದರೆ ಔರಾದಿನವರು ನನ್ನನ್ನು ಬಿಡುವುದಿಲ್ಲ. ಇದು ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತೆ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಬದನೆಕಾಯಿ, ಆ ಹೊತ್ತಿಗೆ ಹೊಲದಲ್ಲಿ ಏನಿದೆಯೋ ಅದೆಲ್ಲ ಹುಣಸೆಹುಳಿ ಮತ್ತು ಕಡಲೆಹಿಟ್ಟಿನ ಜೊತೆ ಒಂದೇ ಪಾತ್ರೆಯಲ್ಲಿ ಬೆಂದು ಕುದ್ದು ಒಂದಾಗಿರುತ್ತದೆ. ಇಂತಿಷ್ಟೇ ಹಾಕಬೇಕೆಂಬ ಲೆಕ್ಕವಿಲ್ಲ. ಆ ಸಲದ ಬಜ್ಜಿ ಸ್ವಲ್ಪ ಬಡವಾಗಿತ್ತು. ಆಗಸ್ಟ್, ಸೆಪ್ಟೆಂಬರಿನಲ್ಲಿ ಸುರಿದ ಮಳೆ, ಮೇಲೆ ಮಹಾರಾಷ್ಟ್ರದ ಧನೇಗಾಂವ ಡ್ಯಾಮಿನಿಂದ ಬಿಟ್ಟ ನೀರು, ಎರಡೂ ಸೇರಿ ಮಾಂಜ್ರಾ ಹೊಳೆ ದಂಡೆ ದಾಟಿತ್ತು. ನಮ್ಮ ಸೋಯಾ ಕಾಯಿಯೊಳಗೇ ಮೊಳಕೆ ಒಡೆದಿತ್ತು. ಮಾವ ಪ್ರತಿ ವರ್ಷ ಸೋಯಾ ಮಾರಿ ದೀಪಾವಳಿ ಮಾಡುತ್ತಾರೆ, ತೊಗರಿ ಮಾರಿ ಲಗ್ನ. ಸೋಯಾ ಹೋಯಿತು. ದಿಬ್ಬದ ಮೇಲಿನ ತೊಗರಿ ಉಳಿದಿತ್ತು. "ಲಗ್ನ ತೊಗರಿ ಮ್ಯಾಗ ನಿಂತದ" ಎಂದು ಅವರು ಬದುವಿನ ಮೇಲೆ ನಿಂತು ಹೇಳಿದ ಮಾತನ್ನು ಅವತ್ತು ಯಾರೂ ಅಷ್ಟು ಗಮನಿಸಲಿಲ್ಲ.

ಚರಗ ಚೆಲ್ಲಿ, ಹೊಲ ಒಂದು ಸುತ್ತು ಹಾಕಿ, ಜಮಖಾನೆ ಮೇಲೆ ಕೂತು ಉಂಡದ್ದಾಯಿತು. 26 ಜನ. ಹೈದರಾಬಾದಿನ ದೊಡ್ಡಪ್ಪ, ಉದಗೀರದ ಅತ್ತಿ, ಪುಣೆಯಿಂದ ರಾತ್ರಿ ಬಸ್ಸಿಗೆ ಬಂದ ಮೈದುನ, ಎಲ್ಲರೂ ಇದ್ದರು. ಹೊಟ್ಟೆ ತುಂಬಿದ ಮೇಲೆ ನನ್ನವರು ಜೇಬಿನಿಂದ ಪೆನ್ನು ತೆಗೆದು, "ಹ್ಯಾಂಗೂ ಎಲ್ಲಾರೂ ಕೂಡೀವಿ. ಕರಿಯೋರ ಯಾದಿ ಮಾಡಿಬಿಡಮಾ" ಅಂದರು.

"ಏ, ಪೆನ್ನ ಒಳಗಿಡು."

ಕೊಂಪಿಯ ನೆರಳಿಗೆ ಕೂತಿದ್ದ ಆಯಿ. ನನ್ನವರ ಅಜ್ಜಿ. ವಯಸ್ಸು ಎಷ್ಟೆಂದು ಕೇಳಿದರೆ ರಜಾಕಾರರ ಗದ್ದಲದಲ್ಲಿ ತಾನು ಎಷ್ಟು ಎತ್ತರ ಇದ್ದೆ ಎಂದು ಕೈ ಮಾಡಿ ತೋರಿಸುತ್ತಾಳೆ. ಆಕೆಯ ವಾದ ಸರಳ. ಧನುರ್ಮಾಸ ಹತ್ತಿ ಮೂರು ದಿನವಾಗಿದೆ. ಶುಕ್ರ ಮುಳುಗಿದ್ದಾನೆ, ಫೆಬ್ರವರಿವರೆಗೆ ಏಳುವುದಿಲ್ಲ. ಸಾಲದ್ದಕ್ಕೆ ಅಮಾಸಿ. ಇಂಥ ದಿನ ಲಗ್ನದ ಯಾದಿಗೆ ಮಸಿ ಮುಟ್ಟಿಸಬಾರದು.

"ಮತ್ತ ಇವರೆಲ್ಲ ಮತ್ತ್ಯಾವಾಗ ಕೂಡ್ತಾರ ಆಯಿ?"

"ಕೂಡ್ಯಾರಲ್ಲ, ಮಾತಾಡ್ರಿ. ಬರಿಬ್ಯಾಡ್ರಿ, ಮಾತಾಡ್ರಿ."

ಹಾಗೇ ಆಯಿತು. ಯಾರ ಮನೆ, ಎಷ್ಟು ಮಂದಿ, ಯಾರಿಗೆ ಆಹೇರಿ, ಯಾರಿಗೆ ಬರೀ ಪತ್ರಿಕೆ ಎಲ್ಲವೂ ಗಾಳಿಯಲ್ಲೇ ನಡೆಯಿತು. ನಾನು ತಲೆ ಬಗ್ಗಿಸಿ ಮೊಬೈಲಿನಲ್ಲಿ ಒಂದೊಂದೇ ಹೆಸರು ಹೊಡೆಯುತ್ತಿದ್ದೆ. "ಅದ್ರಾಗ ಯಾನ್ ಮಾಡ್ಲತೀದಿ?" ಎಂದು ಆಯಿ ಕೇಳಿದಾಗ, "ಸಾಲಿ ಕೆಲಸ ಆಯಿ" ಅಂದೆ. ಮೊಬೈಲಿಗೆ ಮಸಿ ಇಲ್ಲವಲ್ಲ, ಪಾಪ ಹತ್ತಲಾರದು ಎಂದುಕೊಂಡೆ.

ಮನೆ ಎಣಿಸುವ ಕೆಲಸ ನನಗೆ ಹೊಸದಲ್ಲ. ಸೆಪ್ಟೆಂಬರ್ 22ರಿಂದ ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಮ್ಮಂಥ ಮಾಸ್ತರು ಮೇಡಮ್ಮುಗಳನ್ನೇ ಹಚ್ಚಿದ್ದರು. ಕರೆಂಟ್ ಮೀಟರ್ ನೋಡಿ ಅಂಟಿಸಿದ ಚೀಟಿ, ಮೊಬೈಲಿನಲ್ಲಿ ಆ್ಯಪು, ಒಂದು ಮನೆಗೆ 60 ಪ್ರಶ್ನೆ. ದಸರೆಯ ರಜೆಯೆಲ್ಲ ಅದರಲ್ಲೇ ಹೋಯಿತು. ಬನ್ನಿ ಕೊಡಲು ಹಿರಿಯರ ಮನೆಗೆ ಹೋಗಬೇಕಾದ ದಿನ ನಾನು ಪರರ ಮನೆಯ ಕಟ್ಟೆ ಮೇಲೆ ಕೂತು ನೆಟ್‌ವರ್ಕ್ ಬರಲೆಂದು ಕಾಯುತ್ತಿದ್ದೆ. ಆಗಲೇ ಭಾಲ್ಕಿಯಿಂದ ಅಣ್ಣ ಫೋನು ಮಾಡಿ, "ಹುಡುಗಿ ಜಾತಕ ಬ್ಯಾಡ ಅಂತಾರ ಅವರು, ಫೋಟೊ ಸಾಕಂತ" ಅಂದಿದ್ದ. ಹೀಗೆ ಸರ್ಕಾರಿ ಎಣಿಕೆಯ ನಡುವೆ ನಮ್ಮ ಮನೆಯ ಮೊದಲ ಹೆಜ್ಜೆ ಬಿದ್ದಿತು.

ಜಾತಕ ಬೇಡ ಎಂದ ಮಾತಿನ ಹಿಂದೆ ಭಾಲ್ಕಿಯೇ ಇದೆ. ಅಲ್ಲಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು. ಅವರು 1999ರಲ್ಲಿ ಲಿಂಗೈಕ್ಯರಾದರು. ಆ ಮಠದ ನೆರಳಲ್ಲಿ ಬೆಳೆದ ಮನೆಗಳಲ್ಲಿ ವಚನ ಹೇಳಿ, ಪ್ರತಿಜ್ಞೆ ಮಾಡಿಸಿ, ಅಕ್ಕಿಕಾಳಿನ ಬದಲು ಹೂ ಹಾಕಿ ಲಗ್ನ ಮಾಡುವುದುಂಟು. ಮುಹೂರ್ತ ನೋಡುವುದಿಲ್ಲ. ದೀಪಾವಳಿ ಪಾಡ್ಯದ ದಿನ ನಾವು ಭಾಲ್ಕಿಗೆ ಹೋದಾಗ ಗಂಡಿನ ಕಾಕಾ ಫರಾಳದ ತಟ್ಟೆ ನಮ್ಮ ಮುಂದೆ ಸರಿಸುತ್ತ, "ಶರಣರಿಗ ರಾಹುಕಾಲ ಯಾವ್ದ್ರಿ ಬೀಗರ? ಎಲ್ಲಾ ದಿನಾನೂ ಚೊಲೋನೇ" ಅಂದರು. ಮಾವ ನಕ್ಕರು. ನಗು ಅರ್ಧಕ್ಕೇ ನಿಂತಿತು. ಔರಾದಿನ ಮನೆಯಲ್ಲಿ ಪಂಚಾಂಗ ಹಿಡಿದು ಕಾಯುತ್ತಿರುವ ಆಯಿಗೆ ಈ ಮಾತನ್ನು ಯಾರು ಹೇಳಬೇಕು?

ಚಕ್ಕುಲಿ ಮುರಿಯುತ್ತ ಎರಡೂ ಕಡೆಯವರು ಕ್ಯಾಲೆಂಡರ್ ತಿರುವಿದರು. ನಾನು ನಡುವೆ. ಡಿಸೆಂಬರ್, ಜನವರಿ ಆಯಿಗೆ ಬೇಡ. ಫೆಬ್ರವರಿಗೆ ತೊಗರಿ ದುಡ್ಡು ಕೈಗೆ ಬಂದಿರುವುದಿಲ್ಲ. ಮಾರ್ಚಿನಲ್ಲಿ ನನ್ನ ಮಕ್ಕಳಿಗೆ ಎಸ್ಸೆಸ್ಸೆಲ್ಸಿ. ಮೇ 17ರಿಂದ ಅಧಿಕ ಜ್ಯೇಷ್ಠ, ಜೂನ್ ಮಧ್ಯದವರೆಗೆ ಆಯಿಗೆ ಮತ್ತೆ ಬೇಡ. ಜೂನ್ ಮಧ್ಯಕ್ಕೆ ಮಿರಗದ ಮಳೆ, ಬಿತ್ತಿಗೆ, ಮಾವನಿಗೆ ಬೇಡ. ಉಳಿದದ್ದು ಏಪ್ರಿಲ್. ಅಷ್ಟರಲ್ಲಿ ನನ್ನ ಕಾಕು, ಆಕೆ ಹೆಚ್ಚು ಮಾತಾಡುವವಳಲ್ಲ, ಏಪ್ರಿಲ್ 19ರ ಮೇಲೆ ಬೆರಳಿಟ್ಟಳು. ಭಾನುವಾರ. ಅಕ್ಷಯ ತೃತೀಯ. ಮರುದಿನ ಬಸವ ಜಯಂತಿ. ಮೂರೂವರೆ ಮುಹೂರ್ತದಲ್ಲಿ ಒಂದಾದ್ದರಿಂದ ಅಕ್ಷಯ ತೃತೀಯಕ್ಕೆ ಪಂಚಾಂಗ ನೋಡಬೇಕಿಲ್ಲ ಎಂದು ಔರಾದ್ ಒಪ್ಪಿತು. ಪಂಚಾಂಗ ನೋಡದ ದಿನ, ಅದೂ ಬಸವಣ್ಣನವರ ಜಯಂತಿಯ ಬಗಲಲ್ಲೇ, ಎಂದು ಭಾಲ್ಕಿ ಒಪ್ಪಿತು. ಇಬ್ಬರೂ ತಾವೇ ಗೆದ್ದೆವೆಂದು ತಿಳಿದು ಕೈ ತೊಳೆದುಕೊಂಡರು. ಹೊತ್ತು ಮಾತ್ರ ನಮ್ಮ ಗಡಿಸೀಮೆಯ ಪದ್ಧತಿಯಂತೆ 12 ಗಂಟೆ 31 ನಿಮಿಷ. ಆ ಒಂದು ನಿಮಿಷ ಯಾಕೆ ಹೆಚ್ಚೆಂದು ನಾನು ಕೇಳಲಿಲ್ಲ, ಕೇಳಿದ್ದರೆ ಮತ್ತೊಂದು ಹಬ್ಬದವರೆಗೆ ಮಾತು ಬೆಳೆಯುತ್ತಿತ್ತು.

ಯಾವ ಪಂಚಾಂಗವೂ ನೋಡಬೇಕಿಲ್ಲದ ದಿನ ಅಂದರೆ ಎಲ್ಲರೂ ಹಿಡಿಯುವ ದಿನ. ಬೀದರಿನ ಫಂಕ್ಷನ್ ಹಾಲುಗಳಲ್ಲಿ ನನ್ನವರು ಕೇಳಿದ್ದೆಲ್ಲ ಬುಕ್ಕಾಗಿದ್ದವು. ಒಂದರಲ್ಲಿ ಮುಂಗಡ ತೆಗೆದುಕೊಂಡು ರಸೀದಿ ಕೊಟ್ಟು, ಹದಿನೈದು ದಿನದ ಮೇಲೆ "ತಪ್ಪಾಗ್ಯಾದ್ರಿ ಸರ್" ಎಂದು ದುಡ್ಡು ವಾಪಸು ಮಾಡಿದರು. ಕೊನೆಗೆ ಔರಾದಿನಲ್ಲೇ ಒಂದು ಸಿಕ್ಕಿತು. ಈ ಒಂದು ಓಡಾಟವನ್ನು ನನ್ನವರು ಇವತ್ತಿಗೂ "ಲಗ್ನದ್ದೆಲ್ಲಾ ನಾನೇ ಮಾಡ್ಲತೀನಿ" ಎಂದು ಹೇಳಿಕೊಳ್ಳುತ್ತಾರೆ.

ಬಂಗಾರದ್ದು ಬೇಗ ಮುಗಿದ ಮಾತು. ದೀಪಾವಳಿ ಹೊತ್ತಿಗೆ ತೊಲಕ್ಕೆ 1 ಲಕ್ಷ 20 ಸಾವಿರ ದಾಟಿತ್ತು. ಆಯಿ ತನ್ನ ಬೋರಮಳ ಬಿಚ್ಚಿ ಕೊಟ್ಟಳು. ಅಂಗಡಿಗೆ ಹೋಗುವ ಪ್ರಶ್ನೆ ಅಲ್ಲಿಗೆ ಅರ್ಧ ಆಯಿತು.

ಸಂಕ್ರಾಂತಿ ಹೇಗೆ ಬಂತೋ ಹೇಗೆ ಹೋಯಿತೋ. ಎಳ್ಳು ಕೊಟ್ಟ ಕೈಯಲ್ಲೇ ಹೊಲಿಗೆ ಅಳತೆ ಕೊಟ್ಟೆ. ಫೆಬ್ರವರಿಯಲ್ಲಿ ಶುಕ್ರ ಎದ್ದ ಮೇಲೆ ಆಯಿ ಬಸ್ತಾಕ್ಕೆ ಹಸಿರು ನಿಶಾನೆ ಕೊಟ್ಟಳು.

ಬಸ್ತಾ ಅಂದರೆ ಲಗ್ನದ ಜವಳಿ. ದಕ್ಷಿಣದವರಿಗೆ ಇದು ಸೀರೆ ಕೊಳ್ಳುವ ಕೆಲಸ, ನಮ್ಮಲ್ಲಿ ಅರ್ಧ ಲಗ್ನ. ಔರಾದಿನವರು ಬಸ್ತಾಕ್ಕೆ ಉದಗೀರಕ್ಕೆ ಹೋಗುವುದು ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. 1956ರವರೆಗೆ ಉದಗೀರವೂ ಬೀದರ್ ಜಿಲ್ಲೆಯದೇ ತಾಲೂಕು. ರಾಜ್ಯ ವಿಂಗಡಣೆಯಲ್ಲಿ ಉದಗೀರ, ನಿಲಂಗಾ, ಅಹಮದಪುರ ಆ ಕಡೆ ಹೋದವು. ಔರಾದ್, ಭಾಲ್ಕಿ ಈ ಕಡೆ ಉಳಿದವು. ಗಡಿ ಬಿದ್ದಿತು, ಬೀಗತನ ಬೀಳಲಿಲ್ಲ. ಆದ್ದರಿಂದ ನಮ್ಮ ಲಗ್ನಪತ್ರಿಕೆ ಎರಡು ಭಾಷೆಯಲ್ಲಿ ಅಚ್ಚಾಗುತ್ತದೆ. ಉದಗೀರದ ಕಡೆಯ 60 ಪತ್ರಿಕೆ ಮರಾಠಿಯಲ್ಲಿ. ಗಡಿ ನೆನಪಾಗುವುದು ಟಿಕೆಟ್ ತೆಗೆಯುವಾಗ ಮಾತ್ರ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಬೀದರ್, ಔರಾದ್, ಭಾಲ್ಕಿ ನಡುವೆ ನಾವು ಹೆಂಗಸರು ಆಧಾರ್ ಕಾರ್ಡು ತೋರಿಸಿ ಎಷ್ಟು ಸಲ ತಿರುಗಿದೆವೋ ಲೆಕ್ಕವಿಲ್ಲ. ಒಂದು ಜಂಪರ್ ತುಂಡಿನ ಬಣ್ಣ ಹೊಂದಲಿಲ್ಲವೆಂದು ಅತ್ತಿ ಬೆಳಿಗ್ಗೆ ಬೀದರಿಗೆ ಬಂದು ಮಧ್ಯಾಹ್ನ ತಿರುಗಿ ಹೋದದ್ದುಂಟು. ಮೊದಲಾಗಿದ್ದರೆ ಆ ತುಂಡಿಗಿಂತ ಟಿಕೆಟ್ಟೇ ತುಟ್ಟಿಯಾಗುತ್ತಿತ್ತು, ಅಥವಾ ಆ ಕೆಲಸಕ್ಕೆ ಒಬ್ಬ ಗಂಡಸನ್ನು ಕಳಿಸಿ ತಪ್ಪು ಬಣ್ಣ ತರಿಸಿಕೊಳ್ಳಬೇಕಾಗುತ್ತಿತ್ತು.

ಉದಗೀರದ ಅಂಗಡಿಯಲ್ಲಿ ಬಿಳಿ ಗಾದಿ ಮೇಲೆ ನಾವು 19 ಹೆಂಗಸರು, ಎರಡು ಕ್ರೂಸರ್ ತುಂಬ ಬಂದವರು. ಬೆಳಿಗ್ಗೆ ಹತ್ತೂವರೆಗೆ ಕೂತವರು ಎದ್ದದ್ದು ಸಂಜೆ ಆರಕ್ಕೆ. ಮಧ್ಯಾಹ್ನ ಅಂಗಡಿಯವನೇ ಊಟ ಹಾಕಿಸಿದ. ಮೊದಲು ದೇವರ ಸೀರೆ, ಆಮೇಲೆ ಮದುಮಗಳದು, ಆಮೇಲೆ ಬೀಗಿತಿಯರದು, ಕೊನೆಗೆ ಆಹೇರಿ ಸೀರೆಗಳ ಗುಡ್ಡ. ನಾದಿನಿ ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಬೆಳ್ಳುಳ್ಳಿ ಹೂವಿನ ಬಣ್ಣದ ಒಂದು ಸೀರೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಿದ್ದಳು. ಅತ್ತಿ ಹಸಿರು ಎತ್ತಿದರು, ಉದಗೀರದ ಅತ್ತಿ ಕೆಂಪು. ನಾನು ಆ ಅಂಚಿನ ಸೀರೆ ಎತ್ತಿ "ಭಾಲ್ಕಿಯವರು ಇಂಥಾದು ಕೇಳ್ಯಾರ" ಎಂದು ಸುಳ್ಳು ಹೇಳಿದೆ. ಬೀಗರು ಕೇಳಿದ್ದಾರೆ ಅಂದ ಮೇಲೆ ಯಾರೂ ಎದುರಾಡಲಿಲ್ಲ. ಎರಡೂ ಕಡೆಯವಳಾಗಿದ್ದಕ್ಕೆ ನನಗೆ ದಕ್ಕಿದ ಲಾಭ ಅದೊಂದೇ.

ಶಿವರಾತ್ರಿಗೆ ಔರಾದಿನ ಅಮರೇಶ್ವರನ ದರ್ಶನಕ್ಕೆ ಸಾಲಿನಲ್ಲಿ ನಿಂತಾಗ ಹಿಂದಿನವರು ಮುಂದಿನವರು ಕೇಳಿದ್ದು ಒಂದೇ, ಊಟಕ್ಕೆ ಹುಗ್ಗಿಯೋ ಬೂಂದಿಯೋ. ಉಪವಾಸದ ದಿನ ಆ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಗೋಧಿ ಹುಗ್ಗಿ ಅಂದೆ. ಒಬ್ಬಾಕೆ ತುಪ್ಪ ಎಷ್ಟು ಡಬ್ಬಿ ಅಂದಳು.

ಆಮೇಲೆ ರಂಜಾನ್ ಬಂತು. ಈ ಸಲ ಯುಗಾದಿಯೂ ರಂಜಾನ್ ಹಬ್ಬವೂ ಒಂದೇ ವಾರ. ಬೀದರಿನಲ್ಲಿ ಇದರರ್ಥ ಏನೆಂದು ಜಂಪರ್ ಹೊಲಿಸಬೇಕಾದವರಿಗೆ ಮಾತ್ರ ಗೊತ್ತು. ಗವಾನ್ ಚೌಕ್ ಕಡೆಯ ಒಂದು ಓಣಿಯಲ್ಲಿ ನಮ್ಮ ದರ್ಜಿ ಇದ್ದಾರೆ. ಅಂಗಡಿ ಎಷ್ಟು ಚಿಕ್ಕದೆಂದರೆ ಗಿರಾಕಿ ಒಳಗೆ ಹೋದರೆ ಮಷೀನು ಹೊರಗೆ ಬರಬೇಕು. ಶಾಲೆ ಬಿಟ್ಟು ವಿಶೇಷ ತರಗತಿ ಮುಗಿಸಿ ನಾನು ಹೋಗುವ ಹೊತ್ತಿಗೆ ಗವಾನನ 1472ರ ಮದರಸದ ಉಳಿದ ಒಂಟಿ ಮಿನಾರಿನ ಮೇಲೆ ಬಿಸಿಲು ತುದಿಗೇರಿತ್ತು, ಗೋಡೆಯಲ್ಲಿ ಅಲ್ಲಲ್ಲಿ ಉಳಿದ ನೀಲಿ ಹೆಂಚಿನ ತುಂಡುಗಳು ಕಪ್ಪಾಗುತ್ತಿದ್ದವು. 11 ಜಂಪರ್ ತುಂಡು ಅವರ ಮುಂದಿಟ್ಟೆ.

"ಮೇಡಂ, ಈದ್ ಕೆ ಬಾದಿಚ್ ಹೋತಾ."

"ಹಬ್ಬದ ಮ್ಯಾಗ ಕೊಟ್ರೂ ಸಾಕ್ರಿ. ಲಗ್ನ ಏಪ್ರಿಲ್‌ದಾಗ ಅದ."

ಅವರು ತುಂಡುಗಳನ್ನು ಒಂದೊಂದಾಗಿ ಬಿಡಿಸಿ, ಅಳತೆ ಜಂಪರ್ ಅದರ ಮೇಲೆ ಮಡಚಿಟ್ಟು, ಬಟ್ಟೆಯ ಮೂಲೆಗೆ ಒಂದೊಂದು ಚೀಟಿ ಟಾಚಣಿ ಚುಚ್ಚಿದರು. ಮದುಮಗಳ ಅಳತೆ ಕೈಗೆ ಬಂದಾಗ ತಡೆದರು. ಅದು ಎರಡು ವರ್ಷದ ಹಿಂದಿನ ಜಂಪರ್. ಬಗಲಿನ ಹೊಲಿಗೆಯಲ್ಲಿ ಎರಡು ಸಾಲು. ಒಂದನ್ನು ಬಿಚ್ಚಿ ಸಡಿಲ ಮಾಡಿದ ಗುರುತು. "ಈಗ ತೆಳ್ಳಗಾಗ್ಯಾಳೇನ, ದಪ್ಪ ಆಗ್ಯಾಳ?" ಎಂದು ಕನ್ನಡದಲ್ಲಿ ಕೇಳಿದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಐದು ತಿಂಗಳಿಂದ ಅವಳ ಸೀರೆ, ಬಳೆ, ಚಪ್ಪಲಿ, ಊಟದ ಎಲೆ ಎಲ್ಲ ಎಣಿಸಿದ್ದೆ, ಅವಳನ್ನು ನೋಡಿರಲಿಲ್ಲ. "ನಾಳಿ ಹೇಳ್ತೀನಿ" ಅಂದೆ. ಅಷ್ಟರಲ್ಲಿ ಅಜಾನ್ ಆಯಿತು. ಮಷೀನು ನಿಂತಿತು. ಪಕ್ಕದ ಹುಡುಗ ತಟ್ಟೆ ತಂದಿಟ್ಟ. ದರ್ಜಿ ಒಂದು ಖಜೂರ ನನ್ನ ಕೈಗೆ, ಒಂದು ಮಗಳ ಕೈಗೆ ಕೊಟ್ಟು, "ನಮಗ್ ಕರಿಯಂಗಿಲ್ಲೇನ್ರಿ ಲಗ್ನಕ್ಕ?" ಅಂದರು. ಅಲ್ಲೇ ನಿಂತು ಮೊಬೈಲ್ ತೆಗೆದು ಯಾದಿಯ ತುದಿಗೆ ಅವರ ಮನೆ ಸೇರಿಸಿದೆ. 309 ಆಯಿತು.

ಯುಗಾದಿಯ ಬೆಳಿಗ್ಗೆ ಹಳ್ಳಿಯಲ್ಲಿ ಹೊಸ ಗಡಿಗೆಯ ಬೇವು ಕುಡಿದು ಪಡಸಾಲೆಯಲ್ಲಿ ಕೂತೆವು. ಹುಣಸೆಹುಳಿ, ಬೆಲ್ಲ, ಮಾವಿನಕಾಯಿ, ಬೇವಿನ ಹೂ ತೇಲುವ ಆ ಪಾನಕವನ್ನು ನಾದಿನಿ ಎರಡು ಲೋಟ ಕುಡಿದಳು. ನಾನು ಅವಳನ್ನೇ ನೋಡುತ್ತಿದ್ದೆ. ತೆಳ್ಳಗಾಗಿದ್ದಾಳೆ. "ಯಾಕ ವೈನಿ, ಹಂಗ ನೋಡ್ಲತೀರಿ?" ಅಂದಳು. "ಅಳತಿ" ಅಂದೆ. ನಕ್ಕಳು.

ತೊಗರಿ ಮಾರಿ ಆಗಿತ್ತು. ಪತ್ರಿಕೆ ಅಚ್ಚಿಗೆ ಕೊಡಬೇಕು, ಮೊದಲನೆಯದು ಖಾನಾಪುರದ ಮೈಲಾರ ಮಲ್ಲಣ್ಣನಿಗೆ ಇಟ್ಟು ಬರಬೇಕು, ಆಮೇಲೆ ಉಳಿದವರಿಗೆ. ಶುಭದಿನ, ಇವತ್ತು ಬರೆಯಬಹುದು ಎಂದು ಮಾವ ಕಾಗದ ಪೆನ್ನು ತರಿಸಿ ಕುಂಕುಮ ಹಚ್ಚಿದರು. ನಾನು ಮೊಬೈಲ್ ತೆಗೆದು, "ಬರದಿಟ್ಟೀನಿ ಮಾವ, 309 ಮನಿ" ಅಂದೆ. ಎಳ್ಳಾಮಾಸಿಯ ಸಾಲಿ ಕೆಲಸ ಬಯಲಾಯಿತು. ಆಯಿ ನನ್ನನ್ನು ಒಂದು ಸಲ ನೋಡಿದಳು, ಏನೂ ಅನ್ನಲಿಲ್ಲ. ಸೊಂಟಕ್ಕೆ ಕೈ ಹಾಕಿ ಎಲೆಅಡಿಕೆ ಚಂಚಿ ಬಿಚ್ಚಿದಳು. ಅದರ ಒಳಗಿನ ಅರೆಯನ್ನು ಜಮಖಾನೆ ಮೇಲೆ ಬೋರಲು ಹಾಕಿ ಕೊಡವಿದಳು.

ತೊಗರಿ ಕಾಳು.

ಅವತ್ತು ಹೊಲದಲ್ಲಿ, ನಾವು ಮಾತಾಡುತ್ತಿದ್ದಾಗ, ಕೊಂಪಿಯ ನೆರಳಲ್ಲಿ ಒಣಗಿದ ಕಾಯಿ ಬಿಡಿಸುತ್ತ ಕೂತವಳು ಒಂದು ಮನೆಗೆ ಒಂದು ಕಾಳು ಇಟ್ಟುಕೊಂಡಿದ್ದಳು. ಸುಣ್ಣದ ಡಬ್ಬಿಯ ಪುಡಿ ಹತ್ತಿ ಕಾಳು ಅರ್ಧ ಬೆಳ್ಳಗಾಗಿದ್ದವು. ಮಗಳು, ನಾದಿನಿ, ಮೈದುನ ಸೇರಿ ಹತ್ತತ್ತರ ಸಾಲು ಮಾಡಿ ಎಣಿಸಿದರು. 317. ಮತ್ತೊಮ್ಮೆ ಎಣಿಸಿದರೂ 317.

"ದರ್ಜಿ ಮನಿ ಕೂಡಿಸಿ ನಂದು 309 ಆಯಿ. ನಿಮ್ದು ಎಂಟು ಹೆಚ್ಚಾಗ್ಯಾವಲ್ಲ, ಯಾರ ಮನಿ ಅವು?"

"ಅವ ನನ್ನವ."

ಮಾವ ಹೆಸರು ಕೇಳಿದರು, ಅತ್ತಿ ಕೇಳಿದರು. ಆಯಿ ಅಡಿಕೆ ಕತ್ತರಿಸುತ್ತ ಕೂತಳು. ಕಾಳುಗಳಲ್ಲಿ ಎರಡಕ್ಕೆ ಹುಳ ಹಿಡಿದು ತೂತು ಬಿದ್ದಿತ್ತು. ಮಗಳು ಅವನ್ನು ತೆಗೆದು ಬಿಸಾಡಲು ಹೋದರೆ ಆಯಿ ಅವಳ ಮುಂಗೈ ಹಿಡಿದು ಕಸಿದುಕೊಂಡಳು. "ಹುಳ ತಿಂದ್ರ ಯಾನಾಯ್ತು, ಅವ್ರು ಬರ್ತಾರ." ನನ್ನವರು ಬೇಸತ್ತು ಬೀದರಿನ ಪ್ರೆಸ್ಸಿಗೆ ಫೋನು ಹಚ್ಚಿ, ಮರಾಠಿ 60 ಸೇರಿಸಿ ಒಟ್ಟು 350 ಅಂದರು.

ಆಯಿ ಕಾಳು ಒಂದೂ ಬಿಡದೆ ಬಳಿದು ಚಂಚಿಗೆ ತುಂಬಿದಳು. 350 ಎಂದದ್ದು ಕಿವಿಗೆ ಬಿದ್ದಿತ್ತು. ಎದ್ದು ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಇನ್ನೂ ಒಂದು ಹಿಡಿ ತೊಗರಿ ತಂದಳು.